ಆರ್‌ಸಿ ಕಾರಿಗೆ ದೊಡ್ಡ ಬ್ಯಾಟರಿ ಹಾಕಿದರೆ ಸಾಕೇ? ವೇಗ, ಬಿಸಿ ಮತ್ತು ಬೆಂಕಿಯ ಲೆಕ್ಕ

ಮೊಳದುದ್ದದ ರಿಮೋಟ್ ಕಾರೊಂದು ಬೈಕನ್ನು ಹಿಂದಿಕ್ಕಿ ಓಡುವ ವಿಡಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಕೆಳಗೆ ‘ಬ್ಯಾಟರಿ ಬದಲಿಸಿ, ವೇಗ ದುಪ್ಪಟ್ಟು ಮಾಡಿ’ ಎಂಬ ಸಾಲು. ಹಿಂದೆಯೇ ಇನ್ನಷ್ಟು ಸಲಹೆಗಳು ಬರುತ್ತವೆ. ಹೊಸ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜ್ ಮಾಡಿ. ಪೂರ್ತಿ ಖಾಲಿಯಾದ ಮೇಲಷ್ಟೇ ಮತ್ತೆ ಚಾರ್ಜ್‌ಗೆ ಹಾಕಿ. ಹಳೆಯ ಬ್ಯಾಟರಿಯನ್ನು ಫ್ರೀಜರ್‌ನಲ್ಲಿಟ್ಟರೆ ಜೀವ ಬರುತ್ತದೆ. ಉಬ್ಬಿದ್ದರೆ ಸೂಜಿ ಚುಚ್ಚಿ ಗಾಳಿ ತೆಗೆಯಿರಿ.

ಇವುಗಳಲ್ಲಿ ಕೆಲವು ಒಂದು ಕಾಲಕ್ಕೆ, ಬೇರೆ ಬಗೆಯ ಬ್ಯಾಟರಿಗೆ ಸರಿಯಾಗಿದ್ದವು. ಕೆಲವು ಯಾವತ್ತೂ ಸರಿಯಿರಲಿಲ್ಲ. ಇನ್ನು ಕೆಲವು ಮನೆಗೆ ಬೆಂಕಿ ತರಬಲ್ಲವು. ಆರ್‌ಸಿ ಕಾರುಗಳನ್ನು ಅಪ್‌ಗ್ರೇಡ್ ಮಾಡುವಾಗ ನಿಜವಾಗಿ ಏನು ನಡೆಯುತ್ತದೆ, ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಬ್ಯಾಟರಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಈ ಬರಹದಲ್ಲಿ ಬಿಡಿಸಿ ನೋಡೋಣ.

ಮೊದಲ ಪ್ರಶ್ನೆ: ಇದು ಆಟಿಕೆಯೋ, ಹವ್ಯಾಸದ ಕಾರೋ?

ರಿಮೋಟ್ ಕಾರುಗಳಲ್ಲಿ ಎರಡು ಬಗೆ. ಜಾತ್ರೆಯಲ್ಲಿ, ಮಾಲ್‌ನಲ್ಲಿ ಸಿಗುವ ಅಗ್ಗದ ಕಾರುಗಳು ಆಟಿಕೆಗಳು. ಅವುಗಳಲ್ಲಿ ರಿಸೀವರ್, ಮೋಟಾರು ನಿಯಂತ್ರಣ ಎಲ್ಲವೂ ಒಂದೇ ಸರ್ಕ್ಯೂಟ್ ಬೋರ್ಡ್‌ನ ಮೇಲಿರುತ್ತವೆ. ಬಿಡಿಭಾಗ ಸಿಗುವುದಿಲ್ಲ. ಸ್ಟೀರಿಂಗ್ ಎಡ, ಬಲ, ನೇರ ಎಂಬ ಮೂರೇ ಸ್ಥಿತಿಯಲ್ಲಿರುತ್ತದೆ.

ಎರಡನೆಯವು ಹವ್ಯಾಸಿಗಳ ಕಾರುಗಳು. ಇಲ್ಲಿ ಮೋಟಾರು, ಸ್ಪೀಡ್ ಕಂಟ್ರೋಲರ್, ರಿಸೀವರ್, ಸರ್ವೋ ಎಲ್ಲವೂ ಬೇರೆಬೇರೆ. ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಈ ಹವ್ಯಾಸ ಹೊಸದೇನೂ ಅಲ್ಲ. ಜಪಾನಿನ ತಾಮಿಯಾ ಕಂಪನಿ ತನ್ನ ಮೊದಲ ಎಲೆಕ್ಟ್ರಿಕ್ ಆರ್‌ಸಿ ಕಾರಾದ ಪೋರ್ಶೆ 934 ಅನ್ನು ಹೊರತಂದದ್ದು 1976ರಲ್ಲಿ. ಇಂದು ಹೆಚ್ಚು ಕಾಣುವ ಅಳತೆ 1:10, ಎಂದರೆ ನಿಜವಾದ ಕಾರಿನ ಹತ್ತನೇ ಒಂದರಷ್ಟು ದೊಡ್ಡದು.

ಅಪ್‌ಗ್ರೇಡ್ ಎಂಬ ಮಾತು ಈ ಎರಡನೇ ಬಗೆಗೆ ಮಾತ್ರ ಅನ್ವಯ. ಆಟಿಕೆ ಕಾರಿಗೆ ಹೆಚ್ಚು ವೋಲ್ಟ್‌ನ ಬ್ಯಾಟರಿ ಹಾಕಿದರೆ ಕೆಲವು ನಿಮಿಷ ಜೋರಾಗಿ ಓಡಿ, ಬೋರ್ಡ್ ಸುಟ್ಟುಹೋಗುವ ಸಾಧ್ಯತೆಯೇ ಹೆಚ್ಚು. ಇಲ್ಲೊಂದು ಎಚ್ಚರಿಕೆ. 14500 ಎಂಬ ಸಂಖ್ಯೆಯ ಲಿಥಿಯಂ ಸೆಲ್‌ಗಳು ನೋಡಲು ಗೋಡೆ ಗಡಿಯಾರದ ಎಎ ಸೆಲ್‌ನಂತೆಯೇ ಇರುತ್ತವೆ, ಅದೇ ಜಾಗದಲ್ಲಿ ಕೂರುತ್ತವೆ. ಆದರೆ ಎಎ ಸೆಲ್ 1.5 ವೋಲ್ಟ್, ಇದು 3.7 ವೋಲ್ಟ್. ಸೆಲ್ ಒಳಗೆ ಕೂತಿತು ಎಂದ ಮಾತ್ರಕ್ಕೆ ಅದು ಹೊಂದುತ್ತದೆ ಎಂದಲ್ಲ.

ಕಾರಿನೊಳಗಿನ ಸರಪಳಿ

ಹವ್ಯಾಸದ ಕಾರಿನಲ್ಲಿ ಶಕ್ತಿ ಹರಿಯುವ ದಾರಿ ಹೀಗಿದೆ: ಬ್ಯಾಟರಿ, ಕನೆಕ್ಟರ್, ಇಎಸ್‌ಸಿ ಎಂದು ಕರೆಯುವ ಸ್ಪೀಡ್ ಕಂಟ್ರೋಲರ್, ಮೋಟಾರು, ಪಿನಿಯನ್ ಎಂಬ ಚಿಕ್ಕ ಗೇರ್, ಸ್ಪರ್ ಎಂಬ ದೊಡ್ಡ ಗೇರ್, ಡಿಫರೆನ್ಶಿಯಲ್, ಶಾಫ್ಟ್, ಚಕ್ರ. ಕಂಪನಿ ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಆರಿಸಿರುತ್ತದೆ.

ಒಂದು ಕೊಂಡಿಯನ್ನು ಬಲಪಡಿಸಿದರೆ ಹೊರೆ ಉಳಿದ ಕೊಂಡಿಗಳ ಮೇಲೆ ಬೀಳುತ್ತದೆ. ಬ್ಯಾಟರಿ ಬದಲಿಸಿದವರಿಗೆ ಮೋಟಾರು ಸುಡುತ್ತದೆ. ಮೋಟಾರು ಬದಲಿಸಿದವರಿಗೆ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗುತ್ತದೆ. ಗೇರ್ ಉಕ್ಕಿನದು ಹಾಕಿದವರಿಗೆ ಶಾಫ್ಟ್ ತಿರುಚುತ್ತದೆ. ‘ಈ ಕಂಪನಿಯ ಕಾರು ಸರಿಯಿಲ್ಲ’ ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಮೂಲ ಇಲ್ಲಿದೆ. ಅಪ್‌ಗ್ರೇಡ್ ಎಂದರೆ ತೊಂದರೆಯನ್ನು ಮುಂದಿನ ಕೊಂಡಿಗೆ ದಾಟಿಸುವುದು ಎಂದು ನೆನಪಿಟ್ಟುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಬ್ಯಾಟರಿಯ ಮೇಲಿನ ಸಂಖ್ಯೆಗಳು ಏನು ಹೇಳುತ್ತವೆ?

ಹಲವು ಕಾರುಗಳ ಜೊತೆ ಬರುವುದು 7.2 ವೋಲ್ಟ್‌ನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. 1.2 ವೋಲ್ಟ್‌ನ 6 ಸೆಲ್‌ಗಳ ಕಟ್ಟು. ಜನ ಮೊದಲು ಬದಲಿಸುವುದು ಇದನ್ನೇ, ಲಿಥಿಯಂ ಪಾಲಿಮರ್ ಅಂದರೆ ಲಿಪೋ ಬ್ಯಾಟರಿಗೆ.

ಲಿಪೋ ಪ್ಯಾಕ್‌ನ ಮೇಲೆ ‘2ಎಸ್, 5000 ಎಂಎಹೆಚ್, 30ಸಿ’ ಎಂದು ಬರೆದಿರುತ್ತದೆ. 2ಎಸ್ ಎಂದರೆ ಎರಡು ಸೆಲ್‌ಗಳು ಸಾಲಾಗಿ ಜೋಡಿಸಿವೆ ಎಂದು. ಒಂದು ಸೆಲ್ 3.7 ವೋಲ್ಟ್, ತುಂಬಿದಾಗ 4.2 ವೋಲ್ಟ್. ಹಾಗಾಗಿ 2ಎಸ್ ಎಂದರೆ 7.4, ತುಂಬಿದಾಗ 8.4. 3ಎಸ್ ಎಂದರೆ 11.1, ತುಂಬಿದಾಗ 12.6. ಎಂಎಹೆಚ್ ಎಂಬುದು ಟ್ಯಾಂಕಿನ ಗಾತ್ರವಿದ್ದಂತೆ. ಸಿ ಎಂಬುದು ಆ ಟ್ಯಾಂಕಿನಿಂದ ಎಷ್ಟು ವೇಗವಾಗಿ ಸುರಿಯಬಹುದು ಎಂಬ ಮಿತಿ. 5 ಆಂಪಿಯರ್ ಅವರ್‌ನ ಪ್ಯಾಕ್‌ಗೆ 30ಸಿ ಎಂದರೆ 150 ಆಂಪಿಯರ್. ಪ್ಯಾಕ್ ಮೇಲೆ ಅಚ್ಚಾದ ಸಿ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಸಾಮಾನ್ಯ, ಅದನ್ನು ಕಣ್ಣುಮುಚ್ಚಿ ನಂಬಬೇಡಿ.

‘ಹೆಚ್ಚು ಸಿ ಇರುವ ಬ್ಯಾಟರಿ ಹಾಕಿದರೆ ಅದು ಕರೆಂಟ್ ತಳ್ಳಿ ಮೋಟಾರು ಸುಡುತ್ತದೆ’ ಎಂಬ ಮಾತು ಆಗಾಗ ಕೇಳುತ್ತದೆ. ಇದು ತಪ್ಪು. ಮನೆಯ ಪ್ಲಗ್ ಪಾಯಿಂಟ್ 16 ಆಂಪಿಯರ್‌ನದ್ದು ಎಂದ ಮಾತ್ರಕ್ಕೆ ಅದಕ್ಕೆ ಹಾಕಿದ ಮೊಬೈಲ್ ಚಾರ್ಜರ್ ಸುಡುವುದಿಲ್ಲ ತಾನೇ? ತನಗೆ ಬೇಕಾದಷ್ಟು ಕರೆಂಟನ್ನು ಮೋಟಾರು ಎಳೆದುಕೊಳ್ಳುತ್ತದೆ. ಅಪಾಯ ಇರುವುದು ವೋಲ್ಟ್ ಹೆಚ್ಚಿಸಿದಾಗ. ಹಾಗೆಯೇ ಮೋಟಾರಿಗೆ ಬೇಕಾದಷ್ಟನ್ನು ಕೊಡಲಾಗದ ಕಡಿಮೆ ಸಿ ಬ್ಯಾಟರಿ ಹಾಕಿದಾಗ. ಆಗ ಬಿಸಿಯಾಗಿ ಉಬ್ಬುವುದು ಬ್ಯಾಟರಿ.

7.2ರಿಂದ 7.4 ವೋಲ್ಟ್‌ಗೆ ಹೋದರೆ ವ್ಯತ್ಯಾಸ ಅಷ್ಟಕ್ಕಷ್ಟೇ ಅನಿಸಬಹುದು. ಆದರೂ 2ಎಸ್ ಲಿಪೋ ಹಾಕಿದ ಕಾರು ಚುರುಕಾಗಿ ಓಡುತ್ತದೆ. ಲಿಪೋ ಹಗುರ, ಜೊತೆಗೆ ಜೋರಾಗಿ ಕರೆಂಟ್ ಎಳೆದಾಗಲೂ ಅದರ ವೋಲ್ಟೇಜ್ ಅಷ್ಟಾಗಿ ಕುಸಿಯುವುದಿಲ್ಲ. ಬಹಳ ಜನರಿಗೆ ಈ ಒಂದು ಬದಲಾವಣೆಯೇ ಸಾಕು.

3ಎಸ್ ಹಾಕಿದರೆ ಏನಾಗುತ್ತದೆ?

ಬ್ರಷ್‌ಲೆಸ್ ಮೋಟಾರಿನ ಮೇಲೆ ‘3300 ಕೆವಿ’ ಎಂದು ಬರೆದಿದ್ದರೆ ಅದು ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದಿದ್ದಾಗ ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ 3300 ಸುತ್ತು ಎಂದು ಅರ್ಥ. 7.4 ವೋಲ್ಟ್‌ಗೆ ಸುಮಾರು 24,400 ಸುತ್ತು, 11.1 ವೋಲ್ಟ್‌ಗೆ ಸುಮಾರು 36,600. ಲೆಕ್ಕದಲ್ಲಿ ವೇಗ ಒಂದೂವರೆ ಪಟ್ಟಾಯಿತು.

ಆದರೆ ಗಾಳಿಯನ್ನು ಸೀಳಿಕೊಂಡು ಒಂದೂವರೆ ಪಟ್ಟು ವೇಗದಲ್ಲಿ ಓಡಲು ಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಮೂರು ಪಟ್ಟಿಗೂ ಹೆಚ್ಚು. ಅದಕ್ಕಾಗಿ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಕರೆಂಟ್ ದುಪ್ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಆರ್‌ಸಿ ಕಾರುಗಳ ಬಹುಪಾಲು ಕಾಯಿಲೆಗಳಿಗೆ ಈ ಬಿಸಿಯೇ ಮೂಲ.

ಬ್ರಷ್‌ಲೆಸ್ ಮೋಟಾರಿನೊಳಗೆ ನಿಯೋಡಿಮಿಯಂ ಆಯಸ್ಕಾಂತವಿದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಮೋಟಾರುಗಳಲ್ಲಿ ಇದಕ್ಕಿಂತ ತಾಳಿಕೆಯ ದರ್ಜೆ ಬಳಸುತ್ತಾರಾದರೂ, ಹೊರಮೈ 80 ಡಿಗ್ರಿ ಮೀರದಂತೆ ನೋಡಿಕೊಳ್ಳುವುದು ಹವ್ಯಾಸಿಗಳ ರೂಢಿ. ಹೊರಗೆ 80 ಇದ್ದಾಗ ಒಳಗೆ ಇನ್ನೂ ಹೆಚ್ಚಿರುತ್ತದೆ. ಒಮ್ಮೆ ಹೋದ ಆಯಸ್ಕಾಂತ ಶಕ್ತಿ ತಣ್ಣಗಾದ ಮೇಲೆ ಪೂರ್ತಿ ವಾಪಸ್ ಬರುವುದಿಲ್ಲ.

ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಇದಕ್ಕೆ ಆಗದು, ಅದು ಜ್ವರದ ಮಟ್ಟದವರೆಗಷ್ಟೇ ತೋರಿಸುತ್ತದೆ. ಯಂತ್ರಗಳಿಗೆಂದೇ ಇರುವುದನ್ನು ತನ್ನಿ. ಅದಿಲ್ಲದಿದ್ದರೆ ಬೆರಳೇ ಗತಿ: ಮೋಟಾರಿನ ಮೇಲೆ ಎರಡು ಮೂರು ಸೆಕೆಂಡ್ ಬೆರಳಿಡಲಾಗದಿದ್ದರೆ ಅಂದಾಜು 60 ಡಿಗ್ರಿ ದಾಟಿದೆ ಎಂದು ತಿಳಿದು ಕಾರನ್ನು ನಿಲ್ಲಿಸಿ. ಹೊಸ ಬದಲಾವಣೆ ಮಾಡಿದಾಗಲೆಲ್ಲ ಮೊದಲು ಎರಡು ನಿಮಿಷ, ಆಮೇಲೆ ಐದು ನಿಮಿಷ ಓಡಿಸಿ ಪರೀಕ್ಷಿಸಿ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಹೊರಗಿನ ಗಾಳಿಯೇ 40 ಡಿಗ್ರಿ ಇರುತ್ತದೆ. ಚಳಿಯ ದೇಶದ ಯೂಟ್ಯೂಬರ್ ಸರಿಹೊಂದಿಸಿದ ಗೇರ್ ಅನುಪಾತ ಅಲ್ಲಿ ನಡೆಯದೇ ಇರಬಹುದು.

ಬಿಸಿ ಹೆಚ್ಚಾದರೆ ಅಗ್ಗದ ಪರಿಹಾರ ಪಿನಿಯನ್. 20 ಹಲ್ಲಿನ ಪಿನಿಯನ್, 80 ಹಲ್ಲಿನ ಸ್ಪರ್ ಇದ್ದರೆ ಮೋಟಾರು ನಾಲ್ಕು ಸುತ್ತು ತಿರುಗಿದಾಗ ಸ್ಪರ್ ಒಂದು ಸುತ್ತು. ಪಿನಿಯನ್ 22 ಹಲ್ಲಿನದಾದರೆ ಗರಿಷ್ಠ ವೇಗ ಸುಮಾರು 10 ಶೇಕಡಾ ಏರುತ್ತದೆ, ಮೋಟಾರಿನ ಹೊರೆಯೂ ಏರುತ್ತದೆ. 18ಕ್ಕೆ ಇಳಿಸಿದರೆ ವೇಗ ತುಸು ತಗ್ಗಿ ಮೋಟಾರು ತಣ್ಣಗಿರುತ್ತದೆ. ಸೈಕಲ್‌ನಲ್ಲಿ ಗಟ್ಟಿ ಗೇರ್ ಹಾಕಿಕೊಂಡು ಏರು ಹತ್ತಿದರೆ ಕಾಲು ನೋಯುವುದಿಲ್ಲವೇ, ಹಾಗೆ. 2ಎಸ್‌ನಿಂದ 3ಎಸ್‌ಗೆ ಹೋಗುವವರು ಪಿನಿಯನ್ ಚಿಕ್ಕದು ಮಾಡಲೇಬೇಕು. ಅದಕ್ಕೂ ಮೊದಲು ಇಎಸ್‌ಸಿಯ ಮೇಲೆ 3ಎಸ್ ತಾಳುತ್ತದೆ ಎಂದು ಬರೆದಿದೆಯೇ ನೋಡಬೇಕು. ಬರೆದಿಲ್ಲದಿದ್ದರೆ ಆ ಆಸೆ ಬಿಡಿ.

ಕನೆಕ್ಟರ್ ಏಕೆ ಕರಗುತ್ತದೆ?

ಹಳೆಯ ಕಾರುಗಳಲ್ಲಿ ಬಿಳಿ ಪ್ಲಾಸ್ಟಿಕ್‌ನ ತಾಮಿಯಾ ಕನೆಕ್ಟರ್ ಇರುತ್ತದೆ. ಸಾಧಾರಣ ಬ್ರಷ್ ಮೋಟಾರಿಗೆ ಅದು ಸಾಕು. ಬ್ರಷ್‌ಲೆಸ್ ಹಾಕಿದ ಮೇಲೆ ಅದೇ ಕರಗಿ ಅಂಟಿಕೊಳ್ಳುತ್ತದೆ. ಲೆಕ್ಕ ಸರಳ. ಕನೆಕ್ಟರ್‌ನ ಸಂಪರ್ಕದಲ್ಲಿ 5 ಮಿಲಿಓಮ್‌ನಷ್ಟು ತೀರ ಸಣ್ಣ ತಡೆ ಇದೆ ಎಂದುಕೊಳ್ಳಿ. 10 ಆಂಪಿಯರ್ ಹರಿದರೆ ಅಲ್ಲಿ ಅರ್ಧ ವಾಟ್ ಬಿಸಿ, ಕೈಗೂ ತಿಳಿಯದು. 60 ಆಂಪಿಯರ್ ಹರಿದರೆ 18 ವಾಟ್. ರೇಡಿಯೋ ರಿಪೇರಿಯ ಚಿಕ್ಕ ಸೋಲ್ಡರಿಂಗ್ ಐರನ್ 25 ವಾಟ್‌ನದು ಎಂದು ನೆನಪಿಸಿಕೊಂಡರೆ ಪ್ಲಾಸ್ಟಿಕ್ ಏಕೆ ಕರಗಿತೆಂದು ಹೊಳೆಯುತ್ತದೆ.

ಎಕ್ಸ್‌ಟಿ60ಯಂಥ ಕನೆಕ್ಟರ್‌ಗೆ ಬದಲಾಯಿಸುವುದು ಅಗ್ಗದ, ಒಳ್ಳೆಯ ಅಪ್‌ಗ್ರೇಡ್. ಬೆಸುಗೆ ಹಾಕುವಾಗ ಬ್ಯಾಟರಿಯ ಎರಡೂ ತಂತಿಗಳನ್ನು ಒಟ್ಟಿಗೆ ಕತ್ತರಿಸಬೇಡಿ. ಕತ್ತರಿಯೇ ಎರಡನ್ನೂ ಜೋಡಿಸಿ ಶಾರ್ಟ್ ಮಾಡುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಮುಚ್ಚಿ, ಆಮೇಲೆ ಇನ್ನೊಂದು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಎಂದು ಎರಡು ಸಲ ನೋಡಿ. ಅದಲುಬದಲಾದರೆ ಇಎಸ್‌ಸಿ ಆ ಕ್ಷಣವೇ ಹೋಗುತ್ತದೆ.

ಮೊಬೈಲ್ ಬ್ಯಾಟರಿಯೂ ಇದೂ ಒಂದೇ ಅಲ್ಲವೇ?

ರಸಾಯನ ಹೆಚ್ಚುಕಡಿಮೆ ಒಂದೇ. ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಲಿಥಿಯಂ ಅಯಾನ್ ಸೆಲ್ ಇದೆ. ಆದರೆ ಫೋನಿನ ಬ್ಯಾಟರಿಗೆ ಅಂಟಿಕೊಂಡು ಒಂದು ಕಾವಲು ಸರ್ಕ್ಯೂಟ್ ಇದೆ. ಮಿತಿ ಮೀರಿ ಚಾರ್ಜ್ ಆದರೆ ಅದು ತಡೆಯುತ್ತದೆ, ತೀರ ಖಾಲಿಯಾದರೆ ತಡೆಯುತ್ತದೆ, ಶಾರ್ಟ್ ಆದರೆ ತಡೆಯುತ್ತದೆ. ಫೋನ್ ‘0 ಶೇಕಡಾ’ ತೋರಿಸಿ ಆರಿಹೋದಾಗಲೂ ಸೆಲ್‌ನಲ್ಲಿ ತುಸು ಚಾರ್ಜ್ ಉಳಿದಿರುತ್ತದೆ.

ಆರ್‌ಸಿ ಕಾರಿನ ಲಿಪೋ ಪ್ಯಾಕ್‌ನಲ್ಲಿ ಸಾಮಾನ್ಯವಾಗಿ ಇಂಥ ಕಾವಲುಗಾರ ಇರುವುದಿಲ್ಲ. ನೂರಾರು ಆಂಪಿಯರ್ ಒಮ್ಮೆಲೇ ಬೇಕಾದಲ್ಲಿ ಆ ಸರ್ಕ್ಯೂಟ್ ಅಡ್ಡಿ. ಹಾಗಾಗಿ ಚಾರ್ಜ್ ಮಾಡುವಾಗ ಕಾವಲು ಕಾಯುವುದು ಚಾರ್ಜರ್, ಓಡಿಸುವಾಗ ಇಎಸ್‌ಸಿ, ಉಳಿದ ಹೊತ್ತಿನಲ್ಲಿ ನೀವು. ‘ಫೋನನ್ನು ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಮಲಗುತ್ತೇವೆ, ಏನೂ ಆಗಿಲ್ಲ’ ಎಂಬ ಅನುಭವವನ್ನು ಇಲ್ಲಿಗೆ ತರಬಾರದು ಎನ್ನುವುದು ಇದಕ್ಕೇ.

ಚಾರ್ಜರ್‌ನಲ್ಲಿ ಮಾಡುವ ಅತಿ ಅಪಾಯದ ತಪ್ಪು, ಲಿಪೋ ಪ್ಯಾಕನ್ನು ನಿಕಲ್ ಬ್ಯಾಟರಿಯ ಚಾರ್ಜರ್‌ಗೆ ಅಥವಾ ಆ ಸೆಟ್ಟಿಂಗ್‌ಗೆ ಹಾಕುವುದು. ನಿಕಲ್ ಬ್ಯಾಟರಿ ತುಂಬಿದಾಗ ಅದರ ವೋಲ್ಟೇಜ್ ತುಸು ಇಳಿಯುತ್ತದೆ, ಚಾರ್ಜರ್ ಆ ಇಳಿತವನ್ನು ಕಂಡು ನಿಲ್ಲುತ್ತದೆ. ಲಿಪೋದಲ್ಲಿ ಆ ಇಳಿತ ಬರುವುದೇ ಇಲ್ಲ. ಚಾರ್ಜರ್ ಅದಕ್ಕಾಗಿ ಕಾಯುತ್ತಾ ತುಂಬುತ್ತಲೇ ಹೋಗುತ್ತದೆ. ಸೆಲ್ 4.2 ವೋಲ್ಟ್ ದಾಟಿ, ಉಬ್ಬಿ, ಕೊನೆಗೆ ಬೆಂಕಿ ಹತ್ತಬಹುದು.

ಲಿಪೋದಲ್ಲಿ ದಪ್ಪ ತಂತಿಗಳ ಜೊತೆ ಬಿಳಿಯ ಸಣ್ಣ ಪ್ಲಗ್ ಒಂದಿರುತ್ತದೆ. 2ಎಸ್‌ಗೆ ಮೂರು, 3ಎಸ್‌ಗೆ ನಾಲ್ಕು ತೆಳು ತಂತಿ. ಇದು ಬ್ಯಾಲೆನ್ಸ್ ಪ್ಲಗ್. ಒಟ್ಟು 8.4 ವೋಲ್ಟ್ ಎಂದು ಕಂಡರೂ ಒಳಗೆ ಒಂದು ಸೆಲ್ 4.05, ಇನ್ನೊಂದು 4.35 ಇರಬಹುದು. ಆ ಎರಡನೆಯದು ಅಪಾಯದಲ್ಲಿದೆ. ಪ್ರತಿ ಸೆಲ್‌ಅನ್ನೂ ಬೇರೆಬೇರೆಯಾಗಿ ನೋಡಲು ಈ ಪ್ಲಗ್ ಬೇಕು. ಅದನ್ನು ಚುಚ್ಚದೆ ಚಾರ್ಜ್ ಮಾಡಬೇಡಿ. ಕರೆಂಟನ್ನು 1ಸಿಗೆ ಇಡಿ, 5000 ಎಂಎಹೆಚ್ ಪ್ಯಾಕ್‌ಗೆ 5 ಆಂಪಿಯರ್. ಪ್ಯಾಕನ್ನು ಕಾರಿನಿಂದ ಹೊರತೆಗೆದು, ಹಾಸಿಗೆ ಪರದೆಗಳಿಂದ ದೂರ, ಟೈಲ್ಸ್ ನೆಲದ ಮೇಲೆ ಅಥವಾ ಮಣ್ಣಿನ ಕುಂಡದಲ್ಲಿಟ್ಟು, ನೀವು ಎದುರಿಗಿದ್ದಾಗ ಮಾತ್ರ ಚಾರ್ಜ್ ಮಾಡಿ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಅನಿಲ ಹೊರಬಂದರೆ ಡಬ್ಬಿಯೇ ಸಿಡಿಯಬಹುದು.

ಫಾರ್ವರ್ಡ್‌ಗಳು ಮತ್ತು ವಾಸ್ತವ

*‘ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಿ.’* ಇದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಅವುಗಳಿಗೆ ‘ಮೆಮೊರಿ ಎಫೆಕ್ಟ್’ ಎಂಬ ತೊಂದರೆಯಿತ್ತು. ಲಿಪೋಗೆ ಇದು ವಿಷ. ಸೆಲ್ 3 ವೋಲ್ಟ್‌ಗಿಂತ ತೀರ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗಬಹುದು. ಇದನ್ನು ತಡೆಯಲು ಇಎಸ್‌ಸಿಯಲ್ಲಿ ‘ಲಿಪೋ ಕಟಾಫ್’ ಸೆಟ್ಟಿಂಗ್ ಇರುತ್ತದೆ. ಸೆಲ್‌ಗೆ ಸುಮಾರು 3.2 ವೋಲ್ಟ್ ಆದಾಗ ಕಾರು ನಿಧಾನವಾಗುತ್ತದೆ. ಅದು ನಿಕಲ್ ಮೋಡ್‌ನಲ್ಲೇ ಉಳಿದಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಹಳೆಯ ಕೆಲವು ಇಎಸ್‌ಸಿಗಳಲ್ಲಿ ಈ ಸೌಲಭ್ಯವೇ ಇಲ್ಲ. ಅಂಥದ್ದಕ್ಕೆ ಬ್ಯಾಲೆನ್ಸ್ ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಅಲಾರಂ ಸಿಗುತ್ತದೆ, ಕೂಗಿದ ತಕ್ಷಣ ನಿಲ್ಲಿಸಿ.

*‘ಸ್ವಿಚ್ ಆಫ್ ಮಾಡಿದರೆ ಸಾಕು, ಬ್ಯಾಟರಿ ತೆಗೆಯಬೇಕಿಲ್ಲ.’* ಸ್ವಿಚ್ ಆಫ್ ಇದ್ದರೂ ಇಎಸ್‌ಸಿ ತುಸು ಕರೆಂಟ್ ಎಳೆಯುತ್ತಿರಬಹುದು. ಭಾನುವಾರ ಆಡಿ ಹಾಗೇ ಬಿಟ್ಟ ಪ್ಯಾಕ್ ಮುಂದಿನ ಭಾನುವಾರಕ್ಕೆ ಸತ್ತಿರುತ್ತದೆ. ಆಟ ಮುಗಿದ ಮೇಲೆ ಬ್ಯಾಟರಿ ಬಿಚ್ಚುವುದು ಮೊದಲ ಕೆಲಸ.

*‘ಯಾವಾಗಲೂ ಫುಲ್ ಚಾರ್ಜ್ ಮಾಡಿಟ್ಟುಕೊಳ್ಳಿ.’* ವಾರಗಟ್ಟಲೆ 4.2 ವೋಲ್ಟ್‌ನಲ್ಲಿ ಕೂತ ಸೆಲ್ ಬೇಗ ಮುಪ್ಪಾಗುತ್ತದೆ. ಮಕ್ಕಳಿಗೆ ಪರೀಕ್ಷೆ ಶುರುವಾಯಿತು, ಇನ್ನೊಂದು ತಿಂಗಳು ಕಾರು ಮುಟ್ಟುವುದಿಲ್ಲ ಎಂದಾದರೆ ಚಾರ್ಜರ್‌ನ ‘ಸ್ಟೋರೇಜ್’ ಮೋಡ್ ಬಳಸಿ. ಅದು ಸೆಲ್‌ಅನ್ನು ಸುಮಾರು 3.8 ವೋಲ್ಟ್‌ಗೆ ತಂದು ನಿಲ್ಲಿಸುತ್ತದೆ.

*‘ಫ್ರೀಜರ್‌ನಲ್ಲಿಟ್ಟರೆ ಜೀವ ಬರುತ್ತದೆ.’* ಬರುವುದಿಲ್ಲ. ಹೊರತೆಗೆದಾಗ ತೇವ ಕೂರುತ್ತದೆ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವ ಸೆಲ್‌ಗೆ ಚಾರ್ಜ್ ಕೊಟ್ಟರೆ ಒಳಗೆ ಲಿಥಿಯಂ ಲೋಹವೇ ಪದರವಾಗಿ ಕೂತು ಅಪಾಯ ಹೆಚ್ಚುತ್ತದೆ.

*‘ಉಬ್ಬಿದರೆ ಸೂಜಿ ಚುಚ್ಚಿ.’* ಖಂಡಿತ ಬೇಡ. ಉಬ್ಬಿರುವುದು ಒಳಗಿನ ದ್ರಾವಣ ಒಡೆದು ಹುಟ್ಟಿದ ಅನಿಲದಿಂದ. ಚುಚ್ಚಿದ ಸೂಜಿ ಎರಡು ಪದರಗಳನ್ನು ಜೋಡಿಸಿ ಶಾರ್ಟ್ ಮಾಡುತ್ತದೆ, ಕೈಯಲ್ಲೇ ಬೆಂಕಿ. ಉಬ್ಬಿದ ಪ್ಯಾಕ್‌ನ ಆಟ ಮುಗಿಯಿತು ಎಂದೇ ತಿಳಿಯಿರಿ.

*‘ಲಿಥಿಯಂ ಬೆಂಕಿಗೆ ನೀರು ಹಾಕಿದರೆ ಸ್ಫೋಟ.’* ಶಾಲೆಯಲ್ಲಿ ಓದಿದ ಲಿಥಿಯಂ ಲೋಹ ನೀರಿನೊಡನೆ ಪ್ರತಿಕ್ರಿಯಿಸುವುದು ನಿಜ. ಆದರೆ ಈ ಸೆಲ್‌ಗಳಲ್ಲಿ ಲಿಥಿಯಂ ಹೆಚ್ಚಾಗಿ ಲೋಹವಾಗಿರದೆ ಅಯಾನ್ ರೂಪದಲ್ಲಿರುತ್ತದೆ. ಬಿಸಿ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹಬ್ಬುವುದನ್ನು ತಡೆಯಲು ಧಾರಾಳ ನೀರು ಒಳ್ಳೆಯದೇ. ಚೊಂಬು ನೀರಲ್ಲ, ಬಕೆಟ್‌ಗಟ್ಟಲೆ. ಆದರೆ ಮೊದಲು ಮೇನ್ ಸ್ವಿಚ್ ಆಫ್ ಆಗಿರಬೇಕು.

ಧೂಳು, ನೀರು, ಎಣ್ಣೆ: ನಿರ್ವಹಣೆಯ ಮಾತು

ಬ್ಯಾಟರಿ ಬಿಟ್ಟರೆ ಕಾರನ್ನು ಕೊಲ್ಲುವುದು ಧೂಳು. ಓಡಿಸಿದ ಮೇಲೆ ಹಳೆಯ ಪೇಂಟ್ ಬ್ರಷ್‌ನಿಂದ ಧೂಳು ಕೊಡವಿ. ನಾಲ್ಕೂ ಚಕ್ರವನ್ನು ಕೈಯಿಂದ ತಿರುಗಿಸಿ. ಒಂದು ಚಕ್ರ ಮಾತ್ರ ಕರಕರ ಎಂದರೆ ಅಲ್ಲಿನ ಬೇರಿಂಗ್ ಹೋಗಿದೆ, ಅಥವಾ ಕೂದಲು ಸುತ್ತಿಕೊಂಡಿದೆ.

ಅಗ್ಗದ ಕಾರುಗಳಲ್ಲಿ ಬಾಲ್ ಬೇರಿಂಗ್ ಬದಲು ಪ್ಲಾಸ್ಟಿಕ್ ಅಥವಾ ಲೋಹದ ಬುಷ್ ಇರುತ್ತದೆ. ಅವನ್ನು ತೆಗೆದು ಬಾಲ್ ಬೇರಿಂಗ್ ಹಾಕುವುದು ನಾವು ಸಲಹೆ ಮಾಡುವ ಮೊದಲ ಅಪ್‌ಗ್ರೇಡ್. ಇದು ಯಾವ ಕೊಂಡಿಯ ಮೇಲೂ ಹೊರೆ ಹಾಕದೆ ತಿಕ್ಕಾಟ ತಗ್ಗಿಸುತ್ತದೆ. ಮೋಟಾರು ತಣ್ಣಗಿರುತ್ತದೆ, ಓಡುವ ಹೊತ್ತೂ ತುಸು ಹೆಚ್ಚುತ್ತದೆ.

ಬೇರಿಂಗ್‌ಗೆ ಡಬ್ಲ್ಯೂಡಿ-40 ಹೊಡೆಯುವ ಅಭ್ಯಾಸ ಬಹಳ ಜನರಿಗಿದೆ. ಆ ಹೆಸರಿನ ‘ಡಬ್ಲ್ಯೂಡಿ’ಯ ಅರ್ಥವೇ ನೀರನ್ನು ಹೊರದೂಡುವುದು ಎಂದು. ಒದ್ದೆಯಾದ ಭಾಗವನ್ನು ಒಣಗಿಸಲು, ತುಕ್ಕು ಬಿಡಿಸಲು ಅದು ಸರಿ. ಆದರೆ ಅದು ಒಳಗಿನ ಗ್ರೀಸನ್ನು ತೊಳೆದುಬಿಡುತ್ತದೆ, ತಾನು ಬಿಟ್ಟುಹೋಗುವುದು ತೀರ ತೆಳುವಾದ ಪದರ. ಅದನ್ನು ಬಳಸಿದ ಮೇಲೆ ಒಂದು ಹನಿ ತೆಳು ಮೆಷಿನ್ ಆಯಿಲ್ ಬಿಡಲೇಬೇಕು. ಶಾಕ್ ಅಬ್ಸಾರ್ಬರ್‌ಗೆ ಸಿಲಿಕಾನ್ ಎಣ್ಣೆಯೇ ಬೇಕು, ಅಡುಗೆ ಎಣ್ಣೆ ಅಲ್ಲ. ಅಡುಗೆ ಎಣ್ಣೆ ಕಾಲಾನಂತರ ಅಂಟಾಗುತ್ತದೆ.

ಪಿನಿಯನ್ ಬದಲಿಸಿದ ಮೇಲೆ ಎರಡು ಗೇರ್‌ಗಳ ನಡುವಿನ ಅಂತರ ಹೊಂದಿಸಲು ಸುಲಭ ಉಪಾಯವಿದೆ. ನೋಟ್‌ಬುಕ್ ಹಾಳೆಯ ಸಣ್ಣ ಪಟ್ಟಿಯನ್ನು ಹಲ್ಲುಗಳ ನಡುವೆ ಇಟ್ಟು ಮೋಟಾರನ್ನು ಒತ್ತಿ ಸ್ಕ್ರೂ ಬಿಗಿಮಾಡಿ, ಆಮೇಲೆ ಪಟ್ಟಿ ಎಳೆದು ತೆಗೆಯಿರಿ. ಲೋಹಕ್ಕೆ ಲೋಹದ ಸ್ಕ್ರೂ ಇರುವಲ್ಲಿ ನೀಲಿ ಬಣ್ಣದ ಥ್ರೆಡ್‌ಲಾಕ್ ಒಂದು ಹನಿ ಸಾಕು. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂಗೆ ಅದು ಬೇಡ, ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರುಕು ಬಿಡುತ್ತವೆ.

‘ವಾಟರ್‌ಪ್ರೂಫ್’ ಎಂಬ ಮಾತೂ ತಪ್ಪು ತಿಳಿವಳಿಕೆಗೆ ದಾರಿ. ಅದು ಹೆಚ್ಚಾಗಿ ಎಲೆಕ್ಟ್ರಾನಿಕ್ ಭಾಗಗಳ ಬಗ್ಗೆ ಹೇಳುವ ಮಾತು. ಬೇರಿಂಗ್, ಸ್ಕ್ರೂ, ಮೋಟಾರಿನ ಉಕ್ಕು ಇವಕ್ಕೆ ತುಕ್ಕು ತಪ್ಪದು. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಕಡಲ ಅಲೆಯಂಚಿನಲ್ಲಿ ಓಡಿಸಿದ ಕಾರನ್ನು ಬ್ಯಾಟರಿ ತೆಗೆದು, ಅಂದೇ ಸಿಹಿನೀರಿನಿಂದ ತೊಳೆದು, ಒಣಗಿಸಿ, ಬೇರಿಂಗ್‌ಗೆ ಎಣ್ಣೆ ಬಿಡದಿದ್ದರೆ ಉಪ್ಪು ತನ್ನ ಕೆಲಸ ಮುಗಿಸುತ್ತದೆ.

ಇನ್ನು ಆಂಟೆನಾ. ಈಗಿನ ರಿಸೀವರ್‌ಗಳು 2.4 ಗಿಗಾಹರ್ಟ್ಸ್‌ನವು. ತಂತಿಯ ತುದಿಯಲ್ಲಿ ಕವಚವಿಲ್ಲದ ಸುಮಾರು 31 ಮಿಲಿಮೀಟರ್ ಭಾಗವೇ ನಿಜವಾದ ಆಂಟೆನಾ, ಅದು ಆ ತರಂಗದ ಉದ್ದದ ಕಾಲುಭಾಗ. ‘ಉದ್ದವಾಯಿತು’ ಎಂದು ಕತ್ತರಿಸಿದರೆ ಕಾರು ದೂರ ಹೋದಾಗ ಮಾತು ಕೇಳುವುದಿಲ್ಲ. ಓಡಿಸುವಾಗ ಮೊದಲು ರಿಮೋಟ್ ಆನ್, ಆಮೇಲೆ ಕಾರು. ನಿಲ್ಲಿಸುವಾಗ ಮೊದಲು ಕಾರು, ಕೊನೆಗೆ ರಿಮೋಟ್.

ಅಲ್ಯೂಮಿನಿಯಂ ಹಾಕಿದರೆ ಗಟ್ಟಿಯಾಗುತ್ತದೆಯೇ?

ಹೊಳೆಯುವ ಲೋಹದ ಭಾಗಗಳು ನೋಡಲು ಚೆನ್ನ. ಆದರೆ ನೈಲಾನ್ ಬೆರೆತ ಪ್ಲಾಸ್ಟಿಕ್‌ನ ಸಸ್ಪೆನ್ಶನ್ ತೋಳು ಗೋಡೆಗೆ ಬಡಿದಾಗ ಬಾಗಿ ವಾಪಸ್ ಬರುತ್ತದೆ. ಅಲ್ಯೂಮಿನಿಯಂ ಬಾಗಿದರೆ ಬಾಗಿಯೇ ಉಳಿಯುತ್ತದೆ. ಬಾಗದಿದ್ದರೆ ಪೆಟ್ಟನ್ನು ಚಾಸಿಗೆ ದಾಟಿಸುತ್ತದೆ. ಚಾಸಿ ಮುರಿಯುವುದಕ್ಕಿಂತ ತೋಳು ಮುರಿಯುವುದು ಅಗ್ಗ. ಮೋಟಾರು ಕೂರುವ ಪ್ಲೇಟು ಮಾತ್ರ ಅಲ್ಯೂಮಿನಿಯಂ ಆದರೆ ಲಾಭವಿದೆ, ಅದು ಬಿಸಿಯನ್ನು ಎಳೆದುಕೊಳ್ಳುತ್ತದೆ.

ವೇಗಕ್ಕೆ ಇನ್ನೊಂದು ಬೆಲೆಯೂ ಇದೆ

2 ಕೆಜಿಯ ಕಾರು ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಡಿದರೆ ಅದು ಆಳೆತ್ತರದಿಂದ ಬಿದ್ದ ಪೆಟ್ಟು. 60 ಕಿ.ಮೀ. ಆದರೆ 14 ಮೀಟರ್ ಎತ್ತರದಿಂದ, ಎಂದರೆ ನಾಲ್ಕನೇ ಮಹಡಿಯಿಂದ ಬಿದ್ದಂತೆ. ವೇಗ ಮೂರು ಪಟ್ಟು, ಪೆಟ್ಟು ಒಂಬತ್ತು ಪಟ್ಟು. ಪಾರ್ಕಿನಲ್ಲಿ ನಡೆದಾಡುವ ಅಜ್ಜಿಯ ಕಾಲಿಗೆ ಅದು ಬಡಿದರೆ ಏನಾಗಬಹುದೆಂದು ಊಹಿಸಿ. ಜೋರಾಗಿ ಓಡಿಸಲು ಖಾಲಿ ಮೈದಾನವೇ ಬೇಕು, ರಸ್ತೆಯಲ್ಲ. ಚಿಕ್ಕ ಮಕ್ಕಳ ಕೈಗೆ ಕೊಡುವುದಾದರೆ 7.2 ವೋಲ್ಟ್‌ನ ನಿಕಲ್ ಬ್ಯಾಟರಿಯೇ ಒಳ್ಳೆಯದು. ಅದು ಲಿಪೋದಷ್ಟು ಸುಲಭಕ್ಕೆ ಬೆಂಕಿ ಹತ್ತುವಂಥದ್ದಲ್ಲ, ಒರಟು ಬಳಕೆಯನ್ನೂ ತಾಳಿಕೊಳ್ಳುತ್ತದೆ.

ಹಾಗಾದರೆ ಯಾವುದು ಮೊದಲು?

ಹಣ ಹಾಕುವ ಕ್ರಮ ಹೀಗಿದ್ದರೆ ಒಳ್ಳೆಯದು:

1. ಬಾಲ್ ಬೇರಿಂಗ್‌ಗಳು.
2. ಬ್ಯಾಲೆನ್ಸ್ ಸೌಲಭ್ಯವಿರುವ ಒಳ್ಳೆಯ ಚಾರ್ಜರ್. ಬ್ಯಾಟರಿಗಿಂತ ಮೊದಲು ಇದು.
3. 2ಎಸ್ ಲಿಪೋ, ಜೊತೆಗೆ ಹೊಸ ಕನೆಕ್ಟರ್. ಇಎಸ್‌ಸಿಯಲ್ಲಿ ಲಿಪೋ ಕಟಾಫ್ ಆನ್ ಆಗಿದೆಯೇ ನೋಡಿ.
4. ಆಮೇಲೂ ಆಸೆ ಉಳಿದಿದ್ದರೆ ಬ್ರಷ್‌ಲೆಸ್ ಮೋಟಾರು ಮತ್ತು ಅದಕ್ಕೆ ತಕ್ಕ ಇಎಸ್‌ಸಿ, ಎರಡೂ ಒಟ್ಟಿಗೆ. ಬ್ರಷ್ ಮೋಟಾರಿಗೆ ಎರಡು ತಂತಿ, ಬ್ರಷ್‌ಲೆಸ್‌ಗೆ ಮೂರು. ಒಂದರ ಇಎಸ್‌ಸಿ ಇನ್ನೊಂದಕ್ಕೆ ಸಾಮಾನ್ಯವಾಗಿ ಆಗದು.
5. ಗೇರ್, ಶಾಫ್ಟ್‌ಗಳು ಮುರಿದಾಗ ಮಾತ್ರ ಗಟ್ಟಿಯವು.

ವಿದೇಶದಲ್ಲಿರುವ ನೆಂಟರಿಂದ ಬ್ಯಾಟರಿ ತರಿಸುವವರು ಗಮನಿಸಿ: ಬಿಡಿ ಲಿಥಿಯಂ ಬ್ಯಾಟರಿಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ. ಸಾಮಾನ್ಯ ಮಿತಿ 100 ವಾಟ್ ಅವರ್. 7.4 ವೋಲ್ಟ್, 5 ಆಂಪಿಯರ್ ಅವರ್ ಪ್ಯಾಕ್ ಎಂದರೆ 37 ವಾಟ್ ಅವರ್. ತುದಿಗಳಿಗೆ ಟೇಪ್ ಸುತ್ತಿ, ಕೊಡುವ ಮೊದಲು ಏರ್‌ಲೈನ್‌ನ ನಿಯಮ ಕೇಳಿಕೊಳ್ಳಲು ಹೇಳಿ.

ಹೊಗೆ ಬಂದರೆ, ಹಳತಾದರೆ

ಪ್ಯಾಕ್‌ನಿಂದ ಹಿಸ್ಸೆಂಬ ಸದ್ದು, ಸಿಹಿ ವಾಸನೆ ಅಥವಾ ಹೊಗೆ ಬಂದರೆ ಕೈಗೆತ್ತಿಕೊಂಡು ಓಡಬೇಡಿ. ಮಕ್ಕಳನ್ನು ಹೊರಗೆ ಕಳಿಸಿ, ಮೇನ್ ಆಫ್ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ, ಉಸಿರಾಡಬಾರದು. ದೂರದಿಂದ ಮರಳು ಅಥವಾ ಧಾರಾಳ ನೀರು ಸುರಿಯಲು ಸಾಧ್ಯವಿದ್ದರೆ ಸುರಿಯಿರಿ. ಇಲ್ಲದಿದ್ದರೆ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಿ. ಆರಿದಂತೆ ಕಂಡ ಪ್ಯಾಕ್ ಮತ್ತೆ ಹೊತ್ತಿಕೊಳ್ಳಬಹುದು, ಮನೆಯೊಳಗೆ ತರಬೇಡಿ.

ಹಳೆಯ ಪ್ಯಾಕ್ ಎಸೆಯಲು ‘ಉಪ್ಪುನೀರಲ್ಲಿ ಮುಳುಗಿಸಿಡಿ’ ಎಂಬ ಸಲಹೆಯೂ ಓಡಾಡುತ್ತದೆ. ಉಪ್ಪುನೀರು ತುದಿಯ ಲೋಹವನ್ನು ತಿಂದುಹಾಕಿ ದಾರಿಯನ್ನೇ ಮುಚ್ಚಬಹುದು, ಒಳಗೆ ಚಾರ್ಜ್ ಹಾಗೇ ಉಳಿಯುತ್ತದೆ. ಉಬ್ಬದ, ಏಟು ತಿನ್ನದ ಪ್ಯಾಕ್ ಆಗಿದ್ದರೆ ಚಾರ್ಜರ್‌ನ ಡಿಸ್ಚಾರ್ಜ್ ಮೋಡ್‌ನಿಂದಲೋ, 12 ವೋಲ್ಟ್‌ನ ವಾಹನದ ಬಲ್ಬ್ ಜೋಡಿಸಿ ಬಯಲಿನಲ್ಲಿಟ್ಟೋ ಖಾಲಿ ಮಾಡಬಹುದು. ಉಬ್ಬಿದ್ದರೆ ಏನೂ ಮಾಡದೆ ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಕುಂಡದಲ್ಲಿ ಮನೆಯ ಹೊರಗಿಟ್ಟು, ಆದಷ್ಟು ಬೇಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ. ಬೆರೆಸಿದರೆ ಆ ಪ್ಯಾಕ್ ಜಜ್ಜಿಹೋಗುವುದು ಕಸದ ಲಾರಿಯಲ್ಲಿ, ಸುಡುವುದು ಪೌರಕಾರ್ಮಿಕರ ಕೈ.

ಕಾರನ್ನು ಬಿಚ್ಚಿ ಜೋಡಿಸುವುದು ಮಕ್ಕಳಿಗೂ ದೊಡ್ಡವರಿಗೂ ಒಳ್ಳೆಯ ಪಾಠ. ಗೇರ್, ಕರೆಂಟ್, ತಿಕ್ಕಾಟ ಎಲ್ಲವೂ ಕೈಗೆ ಸಿಗುತ್ತವೆ. ಈ ಹವ್ಯಾಸಕ್ಕೆ ಹೆದರಬೇಕಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕು. ಮುಂದಿನ ಸಲ ‘ವೇಗ ದುಪ್ಪಟ್ಟು’ ವಿಡಿಯೋ ಬಂದಾಗ ಅದರ ಜೊತೆ ಮೂರು ಸಾಲನ್ನೂ ಸೇರಿಸಿ ಕಳಿಸಿ: ಲಿಪೋಗೆ ಲಿಪೋ ಚಾರ್ಜರ್ ಮಾತ್ರ. ಎದುರಿಗಿಲ್ಲದೆ ಚಾರ್ಜ್ ಬೇಡ. ಉಬ್ಬಿದ್ದನ್ನು ಚುಚ್ಚಬೇಡಿ.